ಅಂಗಡಿಗೆ ಹೋದ ಹುಡುಗ

(ಶಿವನಿಯ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಹಗಲೆಲ್ಲ ಈರುಳ್ಳಿ ಕಿತ್ತು ದಣಿದು ಬಂದಿದ್ದೀರಿ. ಹೆಚ್ಚು ಹೊತ್ತು ಕೂರಿಸೋದಿಲ್ಲ.

ಮೊನ್ನೆ ಸಂಜೆ ದಾರಿಯಲ್ಲಿ ಒಬ್ಬ ಹುಡುಗ ಸಿಕ್ಕ. ಹತ್ತೋ ಹನ್ನೊಂದೋ ವಯಸ್ಸು. ಚಡ್ಡಿ ಜೇಬು ಉಬ್ಬಿತ್ತು. "ಏನೋ ಮಗಾ ಅದು?" ಅಂದೆ. "ಅಪ್ಪಂಗೆ ಪ್ಯಾಕೆಟ್ಟು" ಅಂದ. ಯಾರ ಮಗ ಅಂತ ಇಲ್ಲಿ ಹೇಳೋದಿಲ್ಲ. ಅವನ ಅಪ್ಪ ಕೆಟ್ಟವನಲ್ಲ. ಉಪ್ಪು, ಬೆಲ್ಲ ತರೋಕೆ ಕಳಿಸಿದ ಹಾಗೆ ಇದಕ್ಕೂ ಕಳಿಸಿದ್ದಾನೆ, ಅಷ್ಟೆ.

ಆದರೆ ಕಾನೂನು ಇದನ್ನು ಉಪ್ಪು, ಬೆಲ್ಲ ಅಂತ ನೋಡೋದಿಲ್ಲ. 2015ರ ಬಾಲನ್ಯಾಯ ಕಾಯ್ದೆ ಇದೆ. ಅದರ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳು. ಮಗುವಿಗೆ ಮದ್ಯ ಕೊಟ್ಟರೆ 77ನೇ ಕಲಂ. ಮಗುವಿನ ಕೈಲಿ ಮದ್ಯ ಮಾರಿಸಿದರೆ, ಹೊರಿಸಿದರೆ 78ನೇ ಕಲಂ. ಎರಡಕ್ಕೂ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಕೊಟ್ಟವನು ಅಂಗಡಿಯವನೇ ಆಗಬೇಕು ಅಂತಿಲ್ಲ. ಹಬ್ಬದ ದಿನ "ಒಂದು ಗುಟುಕು ಕುಡಿಯೋ" ಅಂತ ಕೊಡೋ ಮಾವನೂ ಸೇರುತ್ತಾನೆ.

"18 ತುಂಬಿದರೆ ಓಟು ಹಾಕಬಹುದು. ಹಾಗೇ ಬ್ರಾಂದಿ ಅಂಗಡಿಗೂ ಹೋಗಬಹುದಲ್ಲ?" ಅಂತ ಒಬ್ಬ ಅಣ್ಣ ಕೇಳಿದ. ಒಳ್ಳೇ ಪ್ರಶ್ನೆ. ಇಲ್ಲಿ ಒಂದು ಗೊಂದಲ ಇದೆ. ನಮ್ಮ ರಾಜ್ಯದ 1965ರ ಅಬಕಾರಿ ಕಾಯ್ದೆಯಲ್ಲಿ 18 ಅಂತ ಇದೆ. ಆದರೆ 1967ರ ಲೈಸೆನ್ಸ್ ನಿಯಮದಲ್ಲಿ 21 ಅಂತ ಇದೆ. ಅಂಗಡಿಯವನು ಲೈಸೆನ್ಸ್ ನಿಯಮಕ್ಕೆ ಬದ್ಧ. ಹಾಗಾಗಿ 21 ತುಂಬದವರಿಗೆ ಅವನು ಮಾರುವಂತಿಲ್ಲ. 2023ರ ಜನವರಿಯಲ್ಲಿ ಸರ್ಕಾರ ಇದನ್ನು 18ಕ್ಕೆ ಇಳಿಸೋಕೆ ಕರಡು ಹೊರಡಿಸಿತ್ತು. ಜನ ಬೇಡ ಅಂದರು. ಅದೇ ತಿಂಗಳು ಕೈಬಿಟ್ಟಿತು. ನೋಡಿ, ಜನ ಬಾಯಿಬಿಟ್ಟರೆ ಆಗುತ್ತೆ! ಪಕ್ಕದ ಕೇರಳದಲ್ಲಿ 23 ತುಂಬಬೇಕು. ಬಿಹಾರದಲ್ಲಿ 2016ರಿಂದ ಯಾರಿಗೂ ಇಲ್ಲ.

ಇನ್ನು ಆ ಹುಡುಗ ಹೋಗಿದ್ದು ಬ್ರಾಂದಿ ಅಂಗಡಿಗಲ್ಲ. ದಿನಸಿ ಅಂಗಡಿಗೆ. ಅಲ್ಲಿ ಲೈಸೆನ್ಸೇ ಇಲ್ಲ. ವಯಸ್ಸು ಕೇಳೋದು ಎಲ್ಲಿಂದ ಬಂತು? ಲೈಸೆನ್ಸ್ ಇಲ್ಲದೆ ಯಾರಿಗೆ ಮಾರಿದರೂ ಅಪರಾಧವೇ. 2007ರ ಜುಲೈ 1ರಿಂದ ನಮ್ಮಲ್ಲಿ ಸಾರಾಯಿ ನಿಂತಿತು. ಸಾರಾಯಿ ಹೋಯಿತು, ಪ್ಯಾಕೆಟ್ಟು ಬಂತು.

"ನಾವು ಹೆಂಗಸರು, ನಮ್ಮ ಮಾತು ಯಾರು ಕೇಳ್ತಾರೆ?" ಅಂತೀರಿ. ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ದೂಬಗುಂಟ ಅಂತ ಒಂದು ಹಳ್ಳಿ. ಅಲ್ಲಿಯ ಹೆಂಗಸರೂ ನಿಮ್ಮ ಹಾಗೇ ರಾತ್ರಿ ಹೊತ್ತು ಅಕ್ಷರ ಕಲಿಯೋಕೆ ಕೂತವರು. ಪಾಠದಲ್ಲಿ ಸಾರಾಯಿ ಅಂಗಡಿ ಮುಚ್ಚಿಸಿದ ಕಥೆ ಓದಿದರು. ತಮ್ಮೂರಲ್ಲೂ ಮುಚ್ಚಿಸಿದರು. ಸುದ್ದಿ ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. 1993ರಲ್ಲಿ ಆಂಧ್ರದಲ್ಲೆಲ್ಲ ಸಾರಾಯಿ ನಿಂತಿತು. 1995ರಲ್ಲಿ ಪೂರ್ತಿ ಪಾನನಿಷೇಧವೇ ಬಂತು. ಅದು 1997ರಲ್ಲಿ ಸಡಿಲವಾಯಿತು, ಅದೂ ನಿಜ.

ಬರುವ ವಾರ ನಾವು ಅರ್ಜಿ ಬರೆಯೋದು ಕಲಿಯೋಣ. ಮೇಲೆ "ಅಬಕಾರಿ ಇನ್ಸ್‌ಪೆಕ್ಟರ್ ಅವರಿಗೆ" ಅಂತ ಬರೆಯಬೇಕು. ಯಾವ ಅಂಗಡಿ, ಯಾವ ದಿನ, ಎಷ್ಟು ಹೊತ್ತಿಗೆ, ಇಷ್ಟು ಬರೆಯಿರಿ. ಅವಸರ ಇದ್ದರೆ 112ಕ್ಕೆ ಫೋನ್ ಮಾಡಿ. ಮಕ್ಕಳ ವಿಷಯಕ್ಕೆ 1098. ಆ ಹುಡುಗನ ಹೆಸರು ಮಾತ್ರ ಅರ್ಜಿಯಲ್ಲಿ ಬರೆಯಬೇಡಿ. ಸಹಿ ಎಲ್ಲರೂ ಹಾಕಿ. ಈಗ ಹೆಬ್ಬೆಟ್ಟು ಬೇಕಾಗಿಲ್ಲವಲ್ಲ.