ಮಾರಿಕಣಿವೆಯ ಹಿಂದಿದ್ದ ದಿವಾನರು



ಮಾರಿಕಣಿವೆ ಎಂದರೆ ಹಿರಿಯೂರು ಸೀಮೆಯವರಿಗೆ ಮೊದಲು ನೆನಪಾಗುವುದು ದೇವತೆ ಕಣಿವೆ ಮಾರಮ್ಮ. ಸರ್ಕಾರದ ಕಾಗದದಲ್ಲಿ ಅಲ್ಲಿನ ಜಲಾಶಯ ವಾಣಿವಿಲಾಸ ಸಾಗರ. ತಾಯಿಯ ಹೆಸರು ಉಳಿದಿದೆ, ಮಹಾರಾಣಿಯವರ ಹೆಸರೂ ಉಳಿದಿದೆ. ಕಟ್ಟೆಯ ಕೆಲಸ ಆರಂಭಿಸಿದ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರು ಮಾತ್ರ ನಮ್ಮ ಬಾಯಲ್ಲಿ ಅಪರೂಪವಾಗಿದೆ. ಇಂದು ಅವರ ಕಥೆ ಹೇಳುತ್ತೇನೆ.

ಶೇಷಾದ್ರಿ ಅಯ್ಯರ್ ಹುಟ್ಟಿದ್ದು 1845ರಲ್ಲಿ, ಪಾಲ್ಘಾಟ್ ಸೀಮೆಯಲ್ಲಿ. ಮದರಾಸಿನಲ್ಲಿ ಓದಿ, 1868ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದರು. 1876ರಿಂದ 78ರವರೆಗೆ ಬಂದ ಬರಗಾಲ ಅವರ ಕಣ್ಣೆದುರಿನದು. ಆ ಬರದಲ್ಲಿ ಸಂಸ್ಥಾನದ ಸುಮಾರು ಹತ್ತು ಲಕ್ಷ ಜನ ಸತ್ತರು. ಅದು ಮುಗಿದ ಹೊಸತರಲ್ಲೇ, 1879ರಲ್ಲಿ, ಅವರು ತುಮಕೂರಿನ ಡೆಪ್ಯುಟಿ ಕಮಿಷನರ್ ಆದರು. ತುಮಕೂರಿನಿಂದ ಶಿರಾ ದಾಟಿದರೆ ಹಿರಿಯೂರೇ. ಬರ ಹಿಂಡಿದ ಊರುಗಳ ನಡುವೆ ಕಳೆದ ಆ ದಿನಗಳು ಅವರನ್ನು ಕೊನೆಯವರೆಗೆ ಕಾಡಿರಬೇಕೆಂದು ನಾನು ನಂಬುತ್ತೇನೆ.

1883ರಲ್ಲಿ ದಿವಾನ್ ರಂಗಾಚಾರ್ಲು ತೀರಿಕೊಂಡಾಗ ದಿವಾನಗಿರಿ ಇವರಿಗೆ ಬಂತು. ಆಗ ವಯಸ್ಸು ಇನ್ನೂ ಮೂವತ್ತೇಳು. ಬೊಕ್ಕಸದ ತಲೆಯ ಮೇಲೆ ಬರಗಾಲದ ಸಾಲವೇ ಸುಮಾರು 80 ಲಕ್ಷ ರೂಪಾಯಿ. ಮುಂದಿನ ಹದಿನೆಂಟು ವರ್ಷ ಆಡಳಿತ ಅವರ ಕೈಯಲ್ಲೇ ಇತ್ತು. ಅಷ್ಟರಲ್ಲಿ ಅಮೆರಿಕದಲ್ಲಿ ಆರ್ಥರ್, ಕ್ಲೀವ್‌ಲ್ಯಾಂಡ್, ಹ್ಯಾರಿಸನ್, ಮತ್ತೆ ಕ್ಲೀವ್‌ಲ್ಯಾಂಡ್, ಆಮೇಲೆ ಮೆಕಿನ್ಲಿ ಎಂದು ಅಧ್ಯಕ್ಷರು ಬದಲಾಗುತ್ತಲೇ ಇದ್ದರು. ಅವರಿಗೆ ನಾಲ್ಕು ವರ್ಷಕ್ಕೊಮ್ಮೆ ಜನರ ಮತ ಬೇಕಿತ್ತು. ನಮ್ಮ ದಿವಾನರಿಗೆ ಬೇಕಿದ್ದದ್ದು ಅರಮನೆಯ ವಿಶ್ವಾಸ. ಆದರೂ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಚುನಾವಣೆಯ ಹಕ್ಕು ಬಂದದ್ದು ಇವರ ಕಾಲದಲ್ಲೇ, 1891ರಲ್ಲಿ.

ಬೆಂಗಳೂರಿಗೆ ಹೆಸರಘಟ್ಟದ ನೀರು, ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದ ವಿದ್ಯುತ್ತು, ಇವೆಲ್ಲ ಅವರ ಕಾಲದ ಕೆಲಸಗಳು. ನನ್ನ ಕಣ್ಣಿಗೆ ದೊಡ್ಡದಾಗಿ ಕಾಣುವುದು ಮಾತ್ರ ಮಾರಿಕಣಿವೆ. ಮಳೆ ಕಡಿಮೆ ಬೀಳುವ ಈ ಬಯಲಿನಲ್ಲಿ ವೇದಾವತಿ ವರ್ಷವೆಲ್ಲ ಹರಿಯುವ ಹೊಳೆಯಲ್ಲ. ಕೆಳಗೆ ಇದೇ ಹೊಳೆ ಹಗರಿಯಾಗಿ ಮದರಾಸು ಸೀಮೆಗೆ ಹೋಗುತ್ತಿತ್ತು. 1892ರ ಒಪ್ಪಂದದ ಪ್ರಕಾರ ಇಂಥ ನದಿಗಳಿಗೆ ಹೊಸ ಕಟ್ಟೆ ಕಟ್ಟಲು ಮದರಾಸಿನ ಸಮ್ಮತಿ ಬೇಕಿತ್ತು. ಹಣಕ್ಕೂ ಇಕ್ಕಟ್ಟು, ನೀರಿಗೂ ಇಕ್ಕಟ್ಟು. ಅಂಥದ್ದರಲ್ಲೂ, ಎರಡು ಗುಡ್ಡಗಳು ಒತ್ತಿಕೊಂಡು ಬಂದ ಆ ಕಣಿವೆಯಲ್ಲಿ 1898ರಲ್ಲಿ ಕಲ್ಲುಗಾರೆಯ ಕೆಲಸ ಶುರುವಾಯಿತು. ಮಹಾರಾಜ ಚಾಮರಾಜ ಒಡೆಯರು 1894ರಲ್ಲಿ ತೀರಿಕೊಂಡಿದ್ದರಿಂದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿ ರಾಜ್ಯ ನಡೆಸುತ್ತಿದ್ದರು. ಕಟ್ಟೆಗೆ ಅವರ ಹೆಸರು ಬಂದದ್ದು ನ್ಯಾಯವೇ.

ಬಳಲಿದ ದಿವಾನರು 1901ರಲ್ಲಿ ನಿವೃತ್ತರಾದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಣ್ಣು ಮುಚ್ಚಿದರು.  ಮಾರಿಕಣಿವೆ ಮುಗಿದದ್ದು 1907ರಲ್ಲಿ. ತುಂಬಿದ ಕೆರೆಯನ್ನು ಶೇಷಾದ್ರಿ ಅಯ್ಯರ್ ನೋಡಲೇ ಇಲ್ಲ.

ಮೂವತ್ತು ಟಿಎಂಸಿ ಹಿಡಿಯುವ ಆ ಜಲಾಶಯ 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷದ ಮೇಲೆ. ನೋಡಲು ಊರೂರಿನ ಜನ ಬಂದರು. ಮುಂದಿನ ಸಲ ನೀವು ಆ ಕಟ್ಟೆಯ ಮೇಲೆ ಹೋದಾಗ, ಮಾರಮ್ಮನಿಗೆ ಕೈಮುಗಿದ ಮೇಲೆ, ಜೊತೆಗಿರುವ ಮಕ್ಕಳಿಗೆ ಶೇಷಾದ್ರಿ ಅಯ್ಯರ್ ಅವರ ಹೆಸರನ್ನೂ ಹೇಳಿ.