ಗೇಟಿಲ್ಲದ ಬಯಲಿಗೆ ಹೋಗುವ ಅತಿಥಿ
(ಪರಿಸರ ಪ್ರವಾಸ ಕುರಿತ ಉಪನ್ಯಾಸದ ಪಾಠ)



ಪರಿಸರ ಪ್ರವಾಸ ಎಂದೊಡನೆ ಕರ್ನಾಟಕದ ಪ್ರವಾಸಿಯ ಕಣ್ಣು ಪಶ್ಚಿಮಕ್ಕೆ ಹೊರಳುತ್ತದೆ. ಕಾರವಾರದ ಕಡಲು, ಕಾಳಿ ಕಣಿವೆ, ಕುದುರೆಮುಖ, ನಾಗರಹೊಳೆ: ಹಸಿರಿದ್ದಲ್ಲಿ ಮಾತ್ರ ನಿಸರ್ಗವಿದೆ ಎಂಬುದು ಬಹುಜನರ ಎಣಿಕೆ. ಬಳ್ಳಾರಿ ಹೆದ್ದಾರಿಯಲ್ಲಿ ಹಿರಿಯೂರು ದಾಟಿ ಚಳ್ಳಕೆರೆ, ಮೊಳಕಾಲ್ಮೂರುಗಳ ಬಯಲು ಬಂದಾಗ ಬಸ್ಸಿನಲ್ಲಿದ್ದವರು ನಿದ್ದೆಗೆ ಜಾರುತ್ತಾರೆ. ‘ಇಲ್ಲೇನಿದೆ, ಬರೀ ಬೆಂಗಾಡು’ ಎನ್ನುತ್ತಾರೆ. ಈ ಮಾತು ಎಷ್ಟು ತಪ್ಪು, ಈ ನೆಲಕ್ಕೆ ಅದು ಎಷ್ಟು ದುಬಾರಿಯಾಗಿದೆ ಎಂಬುದೇ ಇಂದಿನ ವಿಷಯ.

ಇದು ಪಶ್ಚಿಮಘಟ್ಟದ ಮಳೆನೆರಳಿನ ಸೀಮೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿಗೆ ಚಳ್ಳಕೆರೆ ಸೇರುತ್ತದೆ. ಇಂಥ ಕಡೆ ನಿಸರ್ಗ ಹೆಮ್ಮರ ಬೆಳೆಸುವುದಿಲ್ಲ, ಹುಲ್ಲು ಬೆಳೆಸುತ್ತದೆ. ಹುಲ್ಲುಗಾವಲು ಕಡಿದು ಹಾಳಾದ ಕಾಡಲ್ಲ. ಅದೇ ಒಂದು ಪರಿಪೂರ್ಣ ಜೀವಲೋಕ. ಕೃಷ್ಣಮೃಗ, ತೋಳ, ನರಿ, ಮೊಲ, ಗೌಜಲಹಕ್ಕಿ, ನೆಲಗುಬ್ಬಿಗಳಿಗೆ ಬೇಕಾದದ್ದು ಇಂಥ ಬಯಲೇ. ಬಯಲುಸೀಮೆಯ ಹೆಮ್ಮೆಯಾಗಿದ್ದ ಎರೆಭೂತ ಹಕ್ಕಿ ಇಂದು ನೆರೆಯ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ ಬೆರಳೆಣಿಕೆಗೆ ಇಳಿದಿದೆ. ಬಯಲು ಹೋದರೆ ಬಯಲಿನ ಜೀವವೂ ಹೋಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ಬಯಲನ್ನು ಹಿಂದಿನವರು ಬೆಂಗಾಡೆಂದು ಕರೆಯಲಿಲ್ಲ, ‘ಕಾವಲು’ ಎಂದು ಕರೆದರು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿದ್ದ ದನಗಳ ಇಲಾಖೆಗೆ ಟಿಪ್ಪು ಸುಲ್ತಾನ್ ‘ಅಮೃತಮಹಲ್’ ಎಂದು ಹೆಸರಿಟ್ಟ. ಸೈನ್ಯದ ಫಿರಂಗಿ ಎಳೆಯುವ ದನಗಳಿಗಾಗಿ ಮೈಸೂರು ಸೀಮೆಯ ಉದ್ದಗಲಕ್ಕೂ ಹುಲ್ಲುಗಾವಲುಗಳನ್ನು ಕಾಯ್ದಿರಿಸಲಾಗಿತ್ತು. ಅವುಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲದ ಕಾವಲುಗಳೆಂದು ವಿಂಗಡಿಸಿದ್ದರು. ದನಗಳು ಋತುವಿಗೆ ತಕ್ಕಂತೆ ಕಾವಲಿನಿಂದ ಕಾವಲಿಗೆ ಸಾಗುತ್ತಿದ್ದವು. ಮೇಯ್ದ ನೆಲಕ್ಕೆ ಮತ್ತೆ ಚಿಗುರಲು ಬಿಡುವು ಸಿಗುತ್ತಿತ್ತು. ‘ಎಷ್ಟು ತಾಳಿಕೊಳ್ಳಬಲ್ಲದೋ ಅಷ್ಟೇ ಭಾರ ಹೊರಿಸು’ ಎಂದು ಇಂದಿನ ಪರಿಸರ ಪ್ರವಾಸದ ಪಾಠ ಹೇಳುತ್ತದೆ. ಆ ಲೆಕ್ಕ ಕಾವಲಿನ ದನಗಾಹಿಗೆ ಮುಂಚೆಯೇ ಗೊತ್ತಿತ್ತು.

ದನ ಸಾಕುವ ಈ ಬಾಳು ಅರಮನೆಗಷ್ಟೇ ಸೇರಿದ್ದಲ್ಲ. ಇಲ್ಲಿನ ಮ್ಯಾಸಬೇಡರು ಇಂದಿಗೂ ‘ದೇವರ ಎತ್ತು’ಗಳ ಹಿಂಡುಗಳನ್ನು ಸಾಕುತ್ತಾರೆ. ಅವನ್ನು ಉಳುಮೆಗೆ ಹೂಡುವುದಿಲ್ಲ, ಮಾರುವುದಿಲ್ಲ. ಹಗಲಿರುಳು ಅವುಗಳೊಂದಿಗೆ ಇರುವವನು ಕಿಲಾರಿ. ಬರಗಾಲದಲ್ಲಿ ಮೇವು ಹುಡುಕುತ್ತಾ ದೂರದೂರ ಅಲೆಯುವ ಅವನಿಗೆ ಕಾವಲೆಂದರೆ ದೇವರ ಮನೆಯ ಅಂಗಳ.

ಆದರೆ ಸರ್ಕಾರಿ ಕಡತದ ಕಣ್ಣಿಗೆ ಹುಲ್ಲು ಕಾಣಲಿಲ್ಲ, ಖಾಲಿ ಜಾಗ ಕಂಡಿತು. 2008ರಿಂದೀಚೆಗೆ ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಸುಮಾರು 10,000 ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಊರವರು ದೂರು ಒಯ್ದರು. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸತ್ಯಶೋಧನಾ ಸಮಿತಿ ನೇಮಿಸಿತು. 2014ರಲ್ಲಿ ಷರತ್ತುಗಳೊಂದಿಗೆ ಯೋಜನೆಗಳಿಗೆ ದಾರಿಯಾಯಿತು. 2017ರಲ್ಲಿ ವೈಮಾನಿಕ ಪರೀಕ್ಷಾ ನೆಲೆಯ ಉದ್ಘಾಟನೆಯೂ ನಡೆಯಿತು. ದೇಶಕ್ಕೆ ವಿಜ್ಞಾನ ಬೇಕು, ನಿಜ. ಆದರೆ ದಟ್ಟ ಕಾಡಿಗೆ ಇಂಥ ಗೋಡೆ ಬಂದಿದ್ದರೆ ಏಳುತ್ತಿದ್ದ ಕೂಗು ಹುಲ್ಲಿಗಾಗಿ ಏಳಲಿಲ್ಲ. ನೋಡಿದವರೇ ಇಲ್ಲದ ನೆಲಕ್ಕೆ ಕೂಗುವವರು ಎಲ್ಲಿಂದ ಬಂದಾರು? ಪ್ರವಾಸಿ ಇಲ್ಲಿಗೆ ಬರಬೇಕಾದದ್ದು ಈ ಕಾರಣಕ್ಕೆ.

ಬರುವವರು ಹೇಗೆ ಬರಬೇಕು? ರಾಷ್ಟ್ರೀಯ ಉದ್ಯಾನದಲ್ಲಿ ಗೇಟಿದೆ, ಟಿಕೆಟ್ಟಿದೆ, ತಡೆಯಲು ಗಾರ್ಡ್ ಇದ್ದಾನೆ. ಇಲ್ಲಿನ ತೆರೆದ ಕಾವಲಿಗೆ ಇದಾವುದೂ ಇಲ್ಲ. ಪ್ರವಾಸಿಯ ವಿವೇಕವೇ ಇಲ್ಲಿ ಗೇಟು. ಚಿಕ್ಕಜಾಜೂರು–ಬಳ್ಳಾರಿ ರೈಲುಮಾರ್ಗದಲ್ಲಿ ಚಳ್ಳಕೆರೆ ನಿಲ್ದಾಣವಿದೆ. ಕಾರು ಮನೆಯಲ್ಲೇ ಇರಲಿ. ಮಳೆ ನಿಂತ ಮೇಲೆ, ಹುಲ್ಲು ಇನ್ನೂ ನಿಂತಿರುವ ತಿಂಗಳುಗಳು ಒಳ್ಳೆಯವು. ಟಿಟ್ಟಿಭ, ನೆಲಗುಬ್ಬಿಗಳು ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಹುಲ್ಲಿನೊಳಗೆ ವಾಹನ ನುಗ್ಗಿಸಿದರೆ ಚಕ್ರದಡಿ ಹೋಗುವುದು ಒಂದು ಸಂಸಾರ. ಕಾಲುದಾರಿ ಬಿಟ್ಟು ಸರಿಯಬಾರದು. ಎಸೆದ ಒಂದು ಬೀಡಿತುಂಡು ವರ್ಷದ ಮೇವನ್ನೇ ಸುಡಬಲ್ಲದು. ಬಿಸಾಕಿದ ಪ್ಲಾಸ್ಟಿಕ್ ಚೀಲ ದನದ ಹೊಟ್ಟೆ ಸೇರುತ್ತದೆ. ನೀರು ಇಲ್ಲಿ ಬಂಗಾರ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಜನ ಕೆರೆ ಕಟ್ಟಿಸಿದ ಪುಣ್ಯಪುರುಷನೆಂದೂ ನೆನೆಯುತ್ತಾರೆ. ಹಟ್ಟಿಯೊಳಗೆ ಹೋಗುವ ಮುನ್ನ ಹಿರಿಯರನ್ನು ಕೇಳಬೇಕು, ಚಪ್ಪಲಿ ಬಿಡಿ ಎಂದಲ್ಲಿ ಬಿಡಬೇಕು. ಉಣ್ಣಲು ಮುದ್ದೆ, ನವಣೆ, ಶೇಂಗಾ ಚಟ್ನಿ ಸಿಕ್ಕರೆ ಅದೇ ಹಬ್ಬ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ಕೊಳ್ಳುವವರು ನೇಕಾರನ ಮಗ್ಗದ ಬಳಿಯೇ ಕೊಂಡರೆ ಹಣ ಊರಿನಲ್ಲಿ ಉಳಿಯುತ್ತದೆ.

ಇಷ್ಟೂ ನಿಯಮಗಳ ಸಾರ ಈ ತಾಲ್ಲೂಕಿನ ಬಂಡೆಯ ಮೇಲೆಯೇ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಅಶೋಕನ ಶಾಸನಗಳಿರುವುದನ್ನು 1892ರಲ್ಲಿ ಬಿ.ಎಲ್. ರೈಸ್ ಲೋಕಕ್ಕೆ ತಿಳಿಸಿದರು. ಬ್ರಾಹ್ಮೀ ಲಿಪಿಯ ಆ ಪ್ರಾಕೃತ ಬರಹದ ತಿರುಳು ಸರಳ: ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ವಿಷಯದಲ್ಲಿ ದಯೆ ಗಟ್ಟಿಯಾಗಿರಬೇಕು, ಸತ್ಯ ನುಡಿಯಬೇಕು. ಬರೆದ ಚಪಡ ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಇಪ್ಪತ್ತೆರಡು ಶತಮಾನಗಳ ಹಿಂದೆ ಇಸಿಲ ಎಂಬ ಪಟ್ಟಣವಿದ್ದ ಈ ಸೀಮೆ ಆಗಲೂ ಯಾರಿಗೂ ಬೆಂಗಾಡಾಗಿರಲಿಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನ ಇನ್ನೂ ಹಿಂದಿನ ಜನವಸತಿಯನ್ನು ತೋರಿಸಿತು.

ಆ ಅಕ್ಷರಗಳ ಮೇಲೆ ಸೀಮೆಸುಣ್ಣ ತೀಡುವುದಾಗಲಿ, ಬಂಡೆಯ ಮೇಲೆ ಹೆಸರು ಕೊರೆಯುವುದಾಗಲಿ ಕೂಡದು. ಓದಿ, ನಾಲ್ಕು ಹೊತ್ತು ಈ ಬಯಲಿನಲ್ಲಿ ನಡೆದು, ಊರಿಗೆ ಮರಳಿದವರು ಮಾಡಬೇಕಾದ ಕೆಲಸ ಒಂದೇ. ಇದನ್ನು ಯಾರಾದರೂ ಬೆಂಗಾಡೆಂದರೆ, ಅಲ್ಲ, ಇದು ಹುಲ್ಲುಗಾವಲು ಎಂದು ತಿದ್ದಬೇಕು. ಉಳಿದಿರುವ ಕಾವಲು ಉಳಿಯಲು ಅಂಥ ಸಾಕ್ಷಿಗಳು ಬೇಕಾಗಿದ್ದಾರೆ.