ಯಂತ್ರ, ವಿದ್ಯೆ ಮತ್ತು ನೆರೆಹೊರೆ
(ಸಾಣಾಪುರದಲ್ಲಿ ಉಪಾಧ್ಯಾಯರ ಹಾಗೂ ಊರವರ ಕೂಟದಲ್ಲಿ ಮಾಡಿದ ಭಾಷಣ)



ತುಂಗಭದ್ರೆಯ ಈ ದಂಡೆಯ ಮೇಲೆ ನಿಂತು ಮಾತನಾಡುವ ಕನ್ನಡಿಗನಿಗೆ ಮೊದಲು ನಾಲಿಗೆ ತಡವರಿಸುವದು. ಎದುರಿಗೆ ಹಂಪೆ; ಮಗ್ಗುಲಿಗೆ ಆನೆಗೊಂದಿ. 1905ರಲ್ಲಿ ಆಲೂರು ವೆಂಕಟರಾಯರು ಈ ನೆಲವನ್ನು ನೋಡಿ ಹೋದ ಮೇಲೆಯೇ ಅವರ ಮನಸ್ಸಿನಲ್ಲಿ ಕರ್ನಾಟಕತ್ವದ ಕಿಡಿ ಹೊತ್ತಿತೆಂಬದು ನಿಮಗೆಲ್ಲ ತಿಳಿದ ಸಂಗತಿ. ಇಂಥ ಸ್ಥಳದಲ್ಲಿ ಗತವೈಭವದ ವಿಷಯವನ್ನೇ ಹೇಳಿ ನಿಮ್ಮ ಚಪ್ಪಾಳೆಯನ್ನು ಪಡೆಯುವದು ಸುಲಭ. ಆದರೆ ನಾನು ಇಂದು ಆ ಸುಲಭದ ದಾರಿಯನ್ನು ಹಿಡಿಯುವದಿಲ್ಲ. ಚಹದ ಅಂಗಡಿಯ ಕಟ್ಟೆಯ ಮೇಲೆ, ಹರಿಗೋಲಿನ ಕಟ್ಟೆಯಲ್ಲಿ, ಶಾಲೆಯ ಬಾಗಿಲಲ್ಲಿ ನಾವು ದಿನಾಲು ಆಡುವ, ಕೇಳುವ ಕೆಲವು ಮಾತುಗಳನ್ನು ನಿಮ್ಮೆದುರಿಗೆ ಇಟ್ಟು ತೂಗಿ ನೋಡುವೆನು. ಜನರ ಅಭಿಪ್ರಾಯಗಳು ನಾಣ್ಯಗಳಂತೆ ಕೈಯಿಂದ ಕೈಗೆ ಸಾಗುತ್ತವೆ. ಬಹಳ ಕೈ ದಾಟಿದ ಮಾತ್ರಕ್ಕೆ ಖೋಟಾ ನಾಣ್ಯವು ಖರೆಯದಾಗುವದಿಲ್ಲ. ಆಗಾಗ ಕಲ್ಲಿನ ಮೇಲೆ ಬಡಿದು ದನಿ ಕೇಳಬೇಕು.

ಮೊದಲನೆಯ ಮಾತು: “ಹಿಂದಿನ ಕಾಲವೇ ಚೆನ್ನಾಗಿತ್ತು, ಯಂತ್ರ ಬಂದು ಎಲ್ಲವನ್ನೂ ಕೆಡಿಸಿತು.”

ಈ ಮಾತನ್ನು ಆಡುವ ಹಿರಿಯರನ್ನು ನಾನು ಅಲ್ಲಗಳೆಯಲಾರೆ. ಗಂಗಾವತಿ ಸೀಮೆಯ ಭತ್ತದ ಗದ್ದೆಗೆ ಕಟಾವಿನ ಯಂತ್ರವು ಇಳಿದಂದಿನಿಂದ ಕುಡುಗೋಲು ಹಿಡಿದ ಹೆಣ್ಣುಮಕ್ಕಳ ಸುಗ್ಗಿಯ ಕೂಲಿ ಕಡಿಮೆಯಾಯಿತು. ಹಲವರು ದಿನಗಟ್ಟಲೆ ಮಾಡುತ್ತಿದ್ದ ಕೊಯ್ಲು ಕೆಲವು ಗಳಿಗೆಯಲ್ಲಿ ಮುಗಿಯುವದು. ಗದ್ದೆಯ ಒಡೆಯನಿಗೆ ಇದು ಲಾಭ. ಕೂಲಿಯ ತಾಯಿಗೆ ಇದು ನಷ್ಟ. ಈ ನಷ್ಟವನ್ನು ಲೆಕ್ಕಕ್ಕೆ ಹಿಡಿಯದೆ ಸುಧಾರಣೆಯ ಗುಣಗಾನ ಮಾಡುವವನು ಅರ್ಧ ಲೆಕ್ಕವನ್ನಷ್ಟೇ ಬರೆದವನು.

ಆದರೂ ಒಂದು ಪ್ರಶ್ನೆ. ನಾವು ನಿಂತ ಈ ಹಸಿರು ಎಲ್ಲಿಂದ ಬಂದಿತು? ವಿಜಯನಗರದ ಅರಸರು ಹೊಳೆಗೆ ಅಡ್ಡಗಟ್ಟೆಗಳನ್ನು ಹಾಕಿ, ಬಂಡೆಗಳ ಸಂದಿಯಲ್ಲಿ ಕಾಲುವೆಗಳನ್ನು ನಡೆಸಿದರು. ಅವುಗಳಲ್ಲಿ ಹಲವು ಇಂದಿಗೂ ನೀರು ಹರಿಸುತ್ತಿವೆ. ಅವು ಆ ಕಾಲದ ಯಂತ್ರವಿದ್ಯೆ. ನಾವು ಹಳೆಯದೆಂದು ಅಕ್ಕರೆಯಿಂದ ನೋಡುವ ಹರಿಗೋಲನ್ನು 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ಹೆಣೆದು ಹೊರಗೆ ಚರ್ಮ ಹೊದಿಸಿದ ಆ ದೋಣಿಯು ಜನರನ್ನಲ್ಲದೆ ಕುದುರೆ ಎತ್ತುಗಳನ್ನೂ ದಾಟಿಸುತ್ತಿತ್ತೆಂದು ಅವನ ಬರಹದಿಂದ ತಿಳಿಯುವದು. ಇಂದು ಅದಕ್ಕೆ ಚರ್ಮದ ಬದಲು ಪ್ಲಾಸ್ಟಿಕ್ಕಿನ ಹೊದಿಕೆಯೂ ಡಾಂಬರೂ ಬಂದಿವೆ. ಅದರಿಂದ ಹರಿಗೋಲು ಕೆಟ್ಟಿತೆಂದು ಯಾವ ಅಂಬಿಗನೂ ಹೇಳಲಾರನು. 1945ರಲ್ಲಿ ಹೈದರಾಬಾದ ಮತ್ತು ಮದರಾಸು ಸರಕಾರಗಳು ಕೂಡಿ ಆರಂಭಿಸಿ 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಆಣೆಕಟ್ಟು ಇಲ್ಲದಿದ್ದರೆ ಎಡದಂಡೆಯ ಕಾಲುವೆಯೆಲ್ಲಿ, ಸಾಣಾಪುರದ ಈ ಕೆರೆಯೆಲ್ಲಿ, ಗಂಗಾವತಿಯ ಅಕ್ಕಿಯ ಗಿರಣಿಗಳೆಲ್ಲಿ? ಆದಕಾರಣ ಯಂತ್ರವನ್ನು ಬಯ್ಯುವ ಮೊದಲು ಅದರ ಅನ್ನವನ್ನು ಉಂಡಿದ್ದೇವೆಂಬದನ್ನು ನೆನೆಯೋಣ. ಕೂಲಿ ಕಳೆದುಕೊಂಡವರಿಗೆ ಬೇರೆ ಉದ್ಯೋಗವನ್ನು ಕಲಿಸುವ ಹೊಣೆಯು ಯಂತ್ರದ್ದಲ್ಲ. ಅದು ಊರಿನದು, ಸರಕಾರದ್ದು.

ಎರಡನೆಯ ಮಾತು ಇದಕ್ಕೆ ವಿರುದ್ಧವಾದದ್ದು: “ಯಂತ್ರವನ್ನು ತಂದರೆ ಸಾಕು, ಎಲ್ಲವೂ ತಾನಾಗಿ ನಡೆಯುವದು.” ಇದನ್ನು ಹೆಚ್ಚಾಗಿ ತರುಣರೂ ಪುಢಾರಿಗಳೂ ಆಡುವರು.

ಇವರಿಗೆ ನಾನು 2024ರ ಅಗಸ್ಟ 10ರ ರಾತ್ರಿಯನ್ನು ನೆನಪಿಸುವೆನು. ಆ ರಾತ್ರಿ ಆಣೆಕಟ್ಟಿನ 33 ತೂಬುಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ, ಗೇಟು ಕೊಚ್ಚಿಹೋಯಿತು. ತುಂಬಿ ನಿಂತಿದ್ದ ಜಲಾಶಯದ ನೀರು ರೈತರ ಕಣ್ಣೆದುರಿಗೆ ಹೊಳೆಯ ಪಾಲಾಯಿತು. ಭಾರವನ್ನು ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಇಳಿಸಿ ಒಂದು ವಾರದೊಳಗೆ ಆ ಬಾಯಿಯನ್ನು ಮುಚ್ಚಿದ ಕುಶಲಿಗಳಿಗೂ ಕಾರ್ಮಿಕರಿಗೂ ನಾವು ಕೈಮುಗಿಯಬೇಕು. ಆದರೆ ಮರುವರ್ಷ, 2025ರಲ್ಲಿ, ಗೇಟುಗಳ ಭಯದಿಂದ ಜಲಾಶಯವನ್ನು ಪೂರ್ತಿ ತುಂಬಿಸದೆ ಕಡಿಮೆ ಮಟ್ಟದಲ್ಲಿಯೇ ನಿಲ್ಲಿಸಬೇಕಾಯಿತು. ಎಪ್ಪತ್ತು ವರುಷ ದುಡಿದ ಕಬ್ಬಿಣವು ಒಂದು ರಾತ್ರಿ ನಮ್ಮನ್ನು ಕೇಳಿತು: ನನ್ನ ಮೈಯನ್ನು ಯಾರು ನೋಡಿಕೊಂಡಿರಿ? ಹೂಳಿನ ಸಂಗತಿಯೂ ಹೀಗೆಯೇ. ಮೊದಲಿಗೆ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ಒಡಲಿನಲ್ಲಿ ಈಗ ಸುಮಾರು 105 ಮಾತ್ರ ಹಿಡಿಯುವದು. ಉಳಿದ ಜಾಗದಲ್ಲಿ ಮಣ್ಣು ಕುಳಿತಿದೆ.

ಇನ್ನೊಂದು ಉದಾಹರಣೆಯು ಇಲ್ಲಿಂದ ಕಣ್ಣಳತೆಯಲ್ಲಿದೆ. ಆನೆಗೊಂದಿ–ತಳವಾರಘಟ್ಟಗಳ ನಡುವೆ ಕಟ್ಟುತ್ತಿದ್ದ ಸೇತುವೆಯ ಮೂಲಕ ಹಂಪೆಯ ಹೆಸರು 1999ರಲ್ಲಿ ಅಪಾಯಕ್ಕೊಳಗಾದ ವಿಶ್ವಪರಂಪರೆಯ ಪಟ್ಟಿಗೆ ಸೇರಿ, 2006ರ ವರೆಗೆ ಅಲ್ಲಿಯೇ ಉಳಿಯಿತು. ಕೊನೆಗೆ 2009ರ ಜನವರಿಯಲ್ಲಿ ಆ ಸೇತುವೆಯು ಮುಗಿಯುವ ಮೊದಲೇ ಕುಸಿದು, ದುಡಿಯುತ್ತಿದ್ದ ಕಾರ್ಮಿಕರು ಪ್ರಾಣ ತೆತ್ತರು. ಆ ಮೇಲೆ ಕಡೆಬಾಗಿಲು–ಬುಕ್ಕಸಾಗರಗಳ ನಡುವೆ ಬೇರೆ ಸೇತುವೆಯಾಗಿ ಜನರ ದಾರಿ ಸುಗಮವಾಯಿತೆಂಬದು ಸಂತೋಷದ ವಿಷಯ. ಆದರೆ ಉಪಕರಣವನ್ನು ಕೊಳ್ಳುವದು ಹಣದ ಕೆಲಸ, ಅದನ್ನು ಕಾಯುವದು ವಿದ್ಯೆಯ ಕೆಲಸ ಎಂಬ ಪಾಠವನ್ನು ನಾವು ಮರೆಯಬಾರದು.

ಇಲ್ಲಿಂದ ಮೂರನೆಯ ಮಾತಿಗೆ ಬರುವೆನು. ಉಪಾಧ್ಯಾಯರ ಎದೆಗೆ ನಾಟುವ ಮಾತು ಇದು: “ಓದಿ ಏನು ಮಾಡುವದು? ಎಲ್ಲವೂ ಮೊಬೈಲಿನಲ್ಲಿಯೇ ಇದೆ.”

ಕೆಲವು ದಿವಸಗಳ ಹಿಂದೆ ಇದೇ ಕೆರೆಯ ದಂಡೆಯಲ್ಲಿ ಹರಿಗೋಲು ಹಾಕುವ ಒಬ್ಬ ಗೃಹಸ್ಥನೊಡನೆ ಮಾತಿಗೆ ಕುಳಿತಿದ್ದೆ. ಅವನ ಮಗನು ಒಂಬತ್ತನೆಯ ಇಯತ್ತೆಯನ್ನು ಅರ್ಧಕ್ಕೇ ಬಿಟ್ಟು ಪ್ರವಾಸಿಗರನ್ನು ಕೂಡ್ರಿಸಿಕೊಂಡು ಹುಟ್ಟು ಹಾಕತೊಡಗಿದ್ದನು. ಯಾಕೆ ಬಿಡಿಸಿದೆ ಎಂದು ಕೇಳಿದೆ. ಆತನೆಂದನು: “ಓದಿದಾಂವ ಕಟ್ಟಿ ಮ್ಯಾಲೆ ಸುಮ್ನ ಕುಂತಾನ್ರಿ ಸರ. ಹುಟ್ಟು ಹಾಕಾಂವ ಸಂಜೀಕೆ ರೊಕ್ಕಾ ಎಣಸ್ತಾನ. ನೀವ ಹೇಳ್ರಿ, ಯಾರು ಶ್ಯಾಣ್ಯಾ?” ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲವೆಂಬದನ್ನು ನಿಮ್ಮೆದುರಿಗೆ ಒಪ್ಪಿಕೊಳ್ಳುವೆನು. ಪದವಿ ಪಡೆದ ತರುಣನು ಕೆಲಸವಿಲ್ಲದೆ ಕುಳಿತಿರುವದು ಸುಳ್ಳಲ್ಲವಷ್ಟೆ!

ಆದರೆ ಅವನೇ ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಂಗತಿಯನ್ನು ಹೇಳಿದನು. ಅವನ ಮೊಬೈಲಿಗೆ ಒಂದು ಸಂದೇಶ ಬಂದಿತ್ತು. ಅದು ಇಂಗ್ಲಿಷಿನಲ್ಲಿತ್ತು. ಹಣ ಬರುವದೆಂದು ತಿಳಿದು ಅದರಲ್ಲಿ ಹೇಳಿದಂತೆ ಒತ್ತಿದನು. ಹಣ ಬರಲಿಲ್ಲ, ಒಂದು ಸುಗ್ಗಿಯಿಡೀ ಹುಟ್ಟು ಹಾಕಿ ಕೂಡಿಸಿದ ಹಣವು ಯಾವನೋ ಕಾಣದ ಕಳ್ಳನ ಪಾಲಾಯಿತು. ಮನೆಯಲ್ಲಿ ಯಾರೂ ಅದನ್ನು ಓದಲಿಲ್ಲವೇ ಎಂದು ಕೇಳಿದೆ. “ಹುಡುಗಗ ಇಂಗ್ಲಿಷ್ ಅಷ್ಟ ಬರೂದಿಲ್ರಿ” ಎಂದನು. ಇಬ್ಬರೂ ಸುಮ್ಮನಾದೆವು. ಶ್ಯಾಣ್ಯಾ ಯಾರೆಂಬ ಪ್ರಶ್ನೆಗೆ ಉತ್ತರವು ಅವನ ಬಾಯಿಂದಲೇ ಬಂದಿತ್ತು. ಆದರೆ ಅದನ್ನು ಅವನಿಗೆ ಎತ್ತಿ ಹೇಳುವ ಧೈರ್ಯ ನನಗಾಗಲಿಲ್ಲ. ಬೆಲೆ ತೆತ್ತವನಿಗೆ ಪಾಠ ಹೇಳಬಾರದು.

ಬಂಧುಗಳೇ, ಈ ಸೀಮೆಯ ಹಿರಿಯರಿಗೆ ಇಂಥ ಸಂಕಟ ಹೊಸದಲ್ಲ. 1948ರ ಸಪ್ಟಂಬರ 17ರ ವರೆಗೆ ಇದು ನಿಜಾಮರ ಹೈದರಾಬಾದ ಸಂಸ್ಥಾನದ ರಾಯಚೂರು ಜಿಲ್ಲೆ. ಸರಕಾರದ ಕಾಗದವು ಉರ್ದುವಿನಲ್ಲಿ ಬರುವದು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದು. ಕನ್ನಡದ ಒಕ್ಕಲಿಗನು ತನ್ನ ಹೊಲದ ಕಾಗದವನ್ನು ಓದಿಸಲು ಇನ್ನೊಬ್ಬನ ಮನೆಯ ಮುಂದೆ ಕಾಯಬೇಕಾಗುತ್ತಿತ್ತು. ಉರ್ದು ಭಾಷೆಯ ಮೇಲೆ ನಮಗೆ ಎಳ್ಳಷ್ಟೂ ದ್ವೇಷವಿಲ್ಲ. ಅದು ನಮ್ಮ ನೆರೆಹೊರೆಯವರ ಮನೆಮಾತು. ತನ್ನ ಬದುಕಿನ ಕಾಗದವು ತನಗೆ ತಿಳಿಯದಿರುವ ಪರಾಧೀನತೆಯ ಮೇಲೆ ಮಾತ್ರ ನಮ್ಮ ಸಿಟ್ಟು. ಅದಕ್ಕಾಗಿಯೇ 1907ರಲ್ಲಿ ಕಲಬುರ್ಗಿಯಲ್ಲಿ ನೂತನ ವಿದ್ಯಾಲಯವು ಹುಟ್ಟಿತು. ಕುಕನೂರಿನ ವಿದ್ಯಾನಂದ ಗುರುಕುಲದಂಥ ಸಂಸ್ಥೆಗಳು ಕಷ್ಟದಲ್ಲಿಯೂ ದೀಪ ಹಿಡಿದವು. 1956ರ ನವಂಬರ 1ರಂದು ಏಕೀಕರಣವಾದಾಗ ಈ ಒಕ್ಕಲಿಗನ ಕೈಗೆ ಅವನ ಭಾಷೆಯ ಕಾಗದವು ಬರುವದೆಂದು ನಾವು ನಂಬಿದೆವು. ಬಂದಿತು ಕೂಡ. ಆದರೆ ಇಂದು ಕಾಗದದ ಸ್ಥಾನದಲ್ಲಿ ಮೊಬೈಲು ಕುಳಿತಿದೆ. ಅದು ಅವನೊಡನೆ ಮತ್ತೆ ಪರಭಾಷೆಯಲ್ಲಿ ಮಾತನಾಡುತ್ತಲಿದೆ. ಏಕೀಕರಣದ ಕೆಲಸವು ಒಂದು ಬಾಗಿಲಲ್ಲಿ ಮುಗಿದು ಇನ್ನೊಂದು ಬಾಗಿಲಲ್ಲಿ ಉಳಿದಿರುವದೆಂದು ನಾನು ಹೇಳುವದು ಇದಕ್ಕಾಗಿ.

ಇದು ಆಗದ ಕೆಲಸವೆಂದು ಕೈಚೆಲ್ಲಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಮೂಡುವದೇ ಕಷ್ಟವೆನ್ನುತ್ತಿದ್ದ ದಿನಗಳಲ್ಲಿ ಕೆ.ಪಿ. ರಾಯರು ಕನ್ನಡ ಅಕ್ಷರಗಳ ಸ್ವಭಾವಕ್ಕೆ ಒಪ್ಪುವ ಕೀಲಿಮಣೆಯನ್ನು ರೂಪಿಸಿದರು; ಆ ವಿನ್ಯಾಸವನ್ನೇ ಸರಕಾರವು ಮಾನ್ಯ ಮಾಡಿತು. ಇಂದು ಪ್ರತಿಯೊಂದು ಮೊಬೈಲಿನಲ್ಲಿಯೂ ಕನ್ನಡ ಬರೆಯಬಹುದು. ಬರೆಯುವವರು, ಕನ್ನಡದಲ್ಲಿಯೇ ಕೊಡಿರೆಂದು ಕೇಳುವವರು ಕಡಿಮೆ. ಇಂಗ್ಲಿಷನ್ನೂ ನಮ್ಮ ಮಕ್ಕಳು ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಆದರೆ ಸಂದೇಶವನ್ನು ಸಂಶಯದಿಂದ ಓದುವ ಬುದ್ಧಿಯು ಮೊದಲು ತಾಯ್ನುಡಿಯಲ್ಲಿಯೇ ಬಲಿಯುವದು. ಯೋಚಿಸಲು ಕಲಿಯದವನಿಗೆ ಎರಡು ಭಾಷೆ ಬಂದರೆ ಎರಡು ಭಾಷೆಯಲ್ಲಿ ಮೋಸ ಹೋಗುವನು, ಅಷ್ಟೆ.

2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಸಾಕ್ಷರರು ನೂರಕ್ಕೆ ಸುಮಾರು 68. ಹೆಣ್ಣುಮಕ್ಕಳಲ್ಲಿ ನೂರಕ್ಕೆ 58ಕ್ಕೂ ಕಡಿಮೆ. ಸಂವಿಧಾನದ 371(ಜೆ) ಕಲಮಿನಿಂದ ನಮ್ಮ ಭಾಗದ ಮಕ್ಕಳಿಗೆ ವಿದ್ಯೆಯಲ್ಲಿ, ನೌಕರಿಯಲ್ಲಿ ಪ್ರತ್ಯೇಕ ಸ್ಥಾನಗಳು ದೊರೆತವು. ಆದರೆ ಒಂಬತ್ತನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟವನಿಗೆ ಆ ಕಲಮು ಏನು ಮಾಡೀತು? ಬಾಗಿಲು ತೆರೆದಿದೆ, ಮೆಟ್ಟಿಲ ವರೆಗೆ ಬರುವ ಮೊದಲೇ ಹುಡುಗನು ತಿರುಗಿ ಹೋದನು.

ನಾಲ್ಕನೆಯ ಮಾತು: “ಅವರವರ ಪಾಡು ಅವರವರಿಗೆ.”

ಇದು ಎಲ್ಲಕ್ಕಿಂತ ಅಪಾಯದ ಮಾತು. ಯಾಕಂದರೆ ಇದು ಸಭ್ಯತೆಯ ವೇಷದಲ್ಲಿ ಬರುವದು. 2020ರಲ್ಲಿ ವಿರೂಪಾಪುರಗಡ್ಡೆಯ ವಸತಿಗೃಹಗಳನ್ನು ತೆರವು ಮಾಡಿದ ಮೇಲೂ ದೇಶವಿದೇಶಗಳ ಅತಿಥಿಗಳು ಈ ದಂಡೆಗೆ ಬರುವದು ನಿಲ್ಲಲಿಲ್ಲ. ಅವರಿಂದ ಊರಿಗೆ ಅನ್ನವಿದೆ. ಆದರೆ 2025ರ ಮಾರ್ಚಿನಲ್ಲಿ ಈ ಕಾಲುವೆಯ ದಂಡೆಯಲ್ಲಿ, ರಾತ್ರಿಯ ವೇಳೆ, ಅತಿಥಿಗಳ ಮೇಲೂ ಅವರೊಡನಿದ್ದ ಹೆಣ್ಣುಮಗಳ ಮೇಲೂ ನಡೆದ ಕ್ರೌರ್ಯವನ್ನು, ಕಾಲುವೆಯಲ್ಲಿ ಪ್ರಾಣ ಬಿಟ್ಟ ಆ ತರುಣನನ್ನು ನಾವು ಮರೆಯುವಂತಿಲ್ಲ. ಅಂದು ಜಗತ್ತಿನ ಪತ್ರಿಕೆಗಳಲ್ಲಿ ಸಾಣಾಪುರದ ಹೆಸರು ಬಂದಿತು. ತಪ್ಪು ಮಾಡಿದವರು ಕೆಲವರೇ, ಊರಿನದಲ್ಲ. ಆದರೂ ಮನೆಗೆ ಬಂದವರನ್ನು ಕಾಯುವದು ಊರಿನ ಧರ್ಮ. ದೀಪದ ಕಂಬ, ಕ್ಯಾಮೆರಾಗಳು ಬೇಕೇ ಬೇಕು. ಆದರೆ “ಯಾರಪ್ಪಾ ಅಲ್ಲಿ?” ಎಂದು ಕೇಳುವ ನೆರೆಹೊರೆಯವನ ದನಿಗೆ ಸಮನಾದ ಕಾವಲು ಇಲ್ಲ. ಆ ದನಿಯು ಮೊಬೈಲಿನ ಬೆಳಕಿನಲ್ಲಿ ತಲೆ ಬಗ್ಗಿಸಿ ಕುಳಿತವನಿಂದ ಬರಲಾರದು. ಒಂದೇ ಊರಿನಲ್ಲಿ ಜಾತಿಗೊಂದು ವಾಟ್ಸಾಪ್ ಬಳಗವನ್ನು ಕಟ್ಟಿಕೊಂಡು, ಬೆಳಗಾದರೆ ಒಬ್ಬರನ್ನೊಬ್ಬರು ಸಂಶಯದಿಂದ ನೋಡುವ ಜನರಿಂದಲೂ ಬರಲಾರದು. ಹಿಂದೆ ಕೇರಿಗಳನ್ನು ಗೋಡೆಗಳು ಬೇರ್ಪಡಿಸುತ್ತಿದ್ದವು. ಗೋಡೆಯನ್ನಾದರೂ ದಾಟಿ ಕೂಗು ಕೇಳಿಸುತ್ತಿತ್ತು.

ಹಾಗಾದರೆ ಮಾಡುವದೇನು? ದೊಡ್ಡ ಯೋಜನೆಗಳನ್ನು ನಾನು ಹೇಳಲಾರೆ. ನಾಳೆಯಿಂದ ಆಗಬಹುದಾದ ಮೂರು ಕೆಲಸಗಳನ್ನು ಬೇಡುವೆನು.

ಮೊದಲನೆಯದು: ವಾರಕ್ಕೊಂದು ಸಂಜೆ ಶಾಲೆಯ ಬಾಗಿಲನ್ನು ಊರ ದೊಡ್ಡವರಿಗಾಗಿ ತೆರೆಯಿರಿ. ಬಂದ ಸಂದೇಶ, ಅರ್ಜಿ, ಬ್ಯಾಂಕಿನ ಕಾಗದಗಳನ್ನು ಅಲ್ಲಿ ಕನ್ನಡದಲ್ಲಿ ಓದಿ ಹೇಳಲಿ. ಓದುವವರು ಎಂಟನೆಯ, ಒಂಬತ್ತನೆಯ ಇಯತ್ತೆಯ ಹುಡುಗ ಹುಡುಗಿಯರೇ ಆಗಲಿ, ಉಪಾಧ್ಯಾಯರು ಬದಿಗೆ ಕುಳಿತಿರಲಿ. ತನ್ನ ಓದಿನಿಂದ ತಂದೆಯ ಹಣ ಉಳಿಯಿತೆಂದು ಕಂಡ ಹುಡುಗನು ಶಾಲೆ ಬಿಡುವ ಮೊದಲು ಎರಡು ಸಲ ಯೋಚಿಸುವನು, ತಂದೆಯೂ ಯೋಚಿಸುವನು.

ಎರಡನೆಯದು: ಮಕ್ಕಳನ್ನು ವರುಷಕ್ಕೊಮ್ಮೆ ಕಾಲುವೆಯ ತೂಬಿಗೂ ಆಣೆಕಟ್ಟಿಗೂ ಕರೆದೊಯ್ಯಿರಿ. ಗೇಟು ಹೇಗೆ ಏಳುವದು, ಸರಪಳಿ ಯಾಕೆ ತುಂಡಾಯಿತು, ಹೂಳು ಹೇಗೆ ತುಂಬುವದು ಎಂಬದನ್ನು ಕಣ್ಣಾರೆ ತೋರಿಸಿರಿ. ತಾನು ಉಣ್ಣುವ ಅನ್ನದ ಯಂತ್ರವನ್ನು ಅರಿತ ಮಗುವು ಮುಂದೆ ಅದನ್ನು ಕಾಯುವವನಾದಾನು.

ಮೂರನೆಯದು: ಊರಿಗೆಲ್ಲ ಸೇರಿದ ಒಂದು ಕಟ್ಟೆಯಿರಲಿ. ಅಲ್ಲಿ ಕೇರಿ ಕೇರಿಯವರೂ, ಹೆಣ್ಣು ಗಂಡೆಂಬ ಭೇದವಿಲ್ಲದೆ, ತಿಂಗಳಿಗೊಮ್ಮೆಯಾದರೂ ಕುಳಿತು ಊರಿನ ಮಾತನ್ನು ಎದುರೆದುರಿಗೆ ಆಡಲಿ.

ಆ ಅಂಬಿಗನೊಡನೆ ಕುಳಿತ ದಿನ, ಎದ್ದು ಹೊರಡುವಾಗ ಅವನ ಮಗನು ನನ್ನನ್ನು ಕೆರೆಯಲ್ಲಿ ಒಂದು ಸುತ್ತು ಕರೆದುಕೊಂಡು ಹೋದನು. ಪ್ರವಾಸಿಗರ ಸಂತೋಷಕ್ಕಾಗಿ ಹರಿಗೋಲನ್ನು ನಿಂತಲ್ಲಿಯೇ ಗಿರಗಿರನೆ ತಿರುಗಿಸುವ ಕಲೆಯನ್ನು ತೋರಿಸಿದನು. ದಡಕ್ಕೆ ಹೊರಳುವಾಗ ಹುಟ್ಟನ್ನು ಎದುರಿಗೆ ಚಾಚಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯತೊಡಗಿದನು. “ಒಂದ ಕಡೀಗೆ ಹಾಕಿದ್ರ ತಿರಗತೈತ್ರಿ ಸರ, ಮುಂದ ಹೋಗೂದಿಲ್ಲ” ಎಂದನು. ಆ ಹುಡುಗನು ತಿಳಿಯದೆ ಹೇಳಿದ್ದನ್ನೇ ನಾನು ಇಷ್ಟು ಹೊತ್ತು ನಿಮಗೆ ಹೇಳಿದೆನು. ಯಂತ್ರವೊಂದನ್ನೇ ನಂಬಿದರೆ ನಿಂತಲ್ಲಿ ತಿರುಗುವೆವು. ಹಳೆಯದೊಂದನ್ನೇ ನಂಬಿದರೂ ಅಷ್ಟೆ.

ಆ ಹುಡುಗನು ಬರುವ ಜೂನಿನಲ್ಲಿ ಮತ್ತೆ ಶಾಲೆಗೆ ಬರುವಂತೆ ನಿಮ್ಮಲ್ಲೊಬ್ಬರು ಅವನ ಮನೆಗೆ ಹೋಗಿ ಕರೆಯುವಿರೆಂದು ನಂಬಿರುವೆನು.